ಟಂಟಂನ ಮುಂದಿನ ಸೀಟು

ಇವತ್ತು ಮಾಡಿದ ಕೆಲಸಗಳು: ನಳ ಬಂದಿತ್ತು, ಎರಡು ಬ್ಯಾರಲ್ಲು ತುಂಬಿಸಿದೆ. ಹಾಲು ಕಾಸಿದೆ, ಅರ್ಧ ಉಕ್ಕಿತು, ಒಲೆ ಒರೆಸಿದೆ. ಮೆಂತ್ಯೆಪಲ್ಲೆ ಸೋಸಿ ಕೊಟ್ಟೆ. ಹೆಂಡತಿಯ ಕನ್ನಡಕದ ಕಡ್ಡಿ ಸಡಿಲಾಗಿತ್ತು, ದಾರ ಸುತ್ತಿ ಬಿಗಿ ಮಾಡಿದೆ. ವಾಕಿಂಗಿಗೆ ಅಂತ ಹೊರಟು ಚಹಾದಂಗಡಿವರೆಗೆ ಹೋಗಿ ಬಂದೆ. ಶಾಲೆಗೆ ತಡವಾಗಿ ಹೋದೆ. ಒಂದು ಗಾಡಿಯ ಮೂತಿಯನ್ನು ನೆಲಕ್ಕೆ ಒತ್ತಿ ಹಿಡಿದೆ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ನವಲಗುಂದದಲ್ಲಿ ಮನೆ ಮಾಡಿಕೊಂಡು ಶಲವಡಿಯ ಸಾಲಿಯೊಂದರಲ್ಲಿ ಗುಮಾಸ್ತನಾಗಿರುವವನು. ದಿನಾ ಹೋಗಿ ಬರುವುದು ಟಂಟಂನಲ್ಲಿ. ಮೂರು ಗಾಲಿ, ಹಿಂದೆ ಎದುರುಬದುರು ಎರಡು ಸೀಟು, ಜನ ತುಂಬುವ ತನಕ ಹೊರಡದ ಗಾಡಿ. ಮತ್ತೆ ನಾನು ದಪ್ಪ. ನನ್ನನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಓದುವವರಿಗೆ ಹೇಳಬೇಕಾಗುತ್ತದೆ. ಬೀಗರು 'ಮೈಕೈ ತುಂಬಿಕೊಂಡಾರ' ಅನ್ನುತ್ತಾರೆ. ದರ್ಜಿ ಏನೂ ಅನ್ನುವುದಿಲ್ಲ, ಅಳತೆಪಟ್ಟಿ ಹಿಡಿದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. ಡಾಕ್ಟರು ಪ್ರತಿ ಸಲ 'ಸ್ವಲ್ಪ ಇಳಿಸ್ರಿ' ಅನ್ನುತ್ತಾರೆ, ತಲೆಯ ಮೇಲಿನ ಬುಟ್ಟಿ ಇಳಿಸಿದ ಹಾಗೆ.

ಇಷ್ಟಿದ್ದರೂ ನನಗೆ ಟಂಟಂನಲ್ಲಿ ಒಂದು ಮರ್ಯಾದೆ ಇತ್ತು. ಹಿಂದೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತ ಹಾಗೆ ಜನ ಒತ್ತಿಕೊಂಡಿದ್ದರೂ, ಮುಂದೆ ಡ್ರೈವರನ ಬಾಜೂ ಎಡಗಡೆಯ ಜಾಗ ನನಗೇ ಮೀಸಲು. ಬೇರೆ ಯಾರಾದರೂ ಅಲ್ಲಿ ಕೂರಲು ಹೋದರೆ ಡ್ರೈವರ್ ಎಬ್ಬಿಸುತ್ತಿದ್ದ. "ಅಲ್ಲಿ ಬ್ಯಾಡ್ರಿ, ಸರ್ ಬರಾಕತ್ತಾರ." ಈ ಮಾತು ಕೇಳಿಸಲಿ ಅಂತ ನಾನು ಓಣಿಯ ಕೊನೆಯಲ್ಲಿ ಸ್ವಲ್ಪ ನಿಧಾನ ನಡೆಯುತ್ತಿದ್ದದ್ದೂ ಉಂಟು. ಮುಂದೆ ಕೂರುವವನ ಅಂಗಿ ಮುದುಡಿರಬಾರದು ಅಂತ ದಿನಾ ಇಸ್ತ್ರಿ ಅಂಗಿ ಹಾಕುತ್ತಿದ್ದೆ.

ಇವತ್ತು ಮುಂಜಾನೆ ಆ ಸೀಟಿನಲ್ಲಿ ಕೂತು ಗಾಡಿ ತುಂಬುವುದನ್ನು ಕಾಯುತ್ತಿದ್ದೆ. ಹಿಂದೆ ಗೊಬ್ಬರದ ಅಂಗಡಿಯ ಕಾಕಾ ಇದ್ದರು. ಒಣಗಿದ ಜೋಳದ ದಂಟಿನಂಥ ಮನುಷ್ಯ. ಹಿಂಗಾರಿ ಬಿತ್ತಿಗೆ ಅಂತ ಮೂರು ಚೀಲ ಗೊಬ್ಬರ ಹೇರಿಸಿ ಅವುಗಳ ಮೇಲೆ ಕಾಲಿಟ್ಟು ಕೂತಿದ್ದರು. ಅವರೆದುರು ಕಾಯಿಪಲ್ಲೆ ಮಾರುವ ಅಕ್ಕ, ಎರಡು ಬುಟ್ಟಿ ಸಮೇತ. ಇನ್ನೂ ನಾಲ್ಕೈದು ಜನ. ಕಾಕಾ ಮೊಬೈಲು ನೋಡುತ್ತಿದ್ದವರು ನಡುವೆ ತಲೆ ಎತ್ತಿದರು.

"ಇಲ್ಲಿ ಕೇಳ್ರಿ ಸರ್. ವಿಮಾನದಾಗ ದಪ್ಪ ಇದ್ದವರಿಗೆ ಟಿಕೀಟು ಜಾಸ್ತಿ ಮಾಡಬೇಕಂತ ಒಂದು ಮಾತು ನಡದೈತಂತ. ಏನಂತೀರಿ?"

ಎಲ್ಲ ಬಿಟ್ಟು ನನ್ನನ್ನೇ ಯಾಕೆ ಕೇಳಿದರು ಅಂತ ಆಗ ಅನಿಸಲಿಲ್ಲ. ಮುಂದಿನ ಸೀಟಿನವನನ್ನು ಕೇಳುವುದು ರೀತಿ ಅಂದುಕೊಂಡು, ಕತ್ತು ತಿರುಗುವಷ್ಟು ತಿರುಗಿಸಿ ಹೇಳಿದೆ. "ಅದು ಅನ್ಯಾಯರೀ. ಟಿಕೀಟು ಊರು ಮುಟ್ಟಲಿಕ್ಕೆ ಕೊಡೂದು. ಮನುಷ್ಯಾ ಏನ್ ಹತ್ತಿ ಅಂಡಿಗೇನ್ರಿ, ತೂಗಿ ರೊಕ್ಕ ತಗೊಳ್ಳಾಕ?"

"ಹಂಗಾರ ಒಂದು ಲೆಕ್ಕ ಹೇಳ್ರಿ," ಅಂದರು ಕಾಕಾ. "ನಾ ಐವತ್ತು ಕಿಲೋ. ಈ ಚೀಲ ಐವತ್ತು ಕಿಲೋ. ನಾನೂ ಚೀಲಾನೂ ಕೂಡಿದ್ರ ಬರೊಬ್ಬರಿ ನೀವು. ನನಗೊಂದು ಚಾರ್ಜು, ಚೀಲಕ್ಕೊಂದು ಚಾರ್ಜು ತಗೋತಾನ ಇಂವ. ನಿಮಗ ಯಾಕ ಒಂದ?"

ಗಾಡಿ ತುಂಬ ನಗು. ಕಾಯಿಪಲ್ಲೆಯ ಅಕ್ಕ ನನ್ನ ಪಕ್ಷ ವಹಿಸಿದಳು. "ಬಸ್ಸಿನ್ಯಾಗ ನಮಗ ಹೆಣಮಕ್ಕಳಿಗೆ ಟಿಕೀಟ ಇಲ್ಲ. ದಪ್ಪಾಕಿಗೂ ಇಲ್ಲ, ಸಣ್ಣಾಕಿಗೂ ಇಲ್ಲ. ಈ ಬುಟ್ಟಿ ಇಲ್ಲದಿದ್ರ ನಾ ಯಾಕ ಇಲ್ಲಿ ಬಂದ ನಿಮ್ಮ ಲೆಕ್ಕಾ ಕೇಳತಿದ್ದೆ?"

ಬೆಂಬಲ ಸಿಕ್ಕಿದ್ದರಿಂದ ನನಗೆ ಹುರುಪು ಬಂತು. "ಈ ನಮ್ಮ ತಮ್ಮನ್ನ ನೋಡಿ ಕಲೀಬೇಕ್ರಿ ವಿಮಾನದವರು," ಅಂದೆ, ಡ್ರೈವರನ ಹೆಗಲು ಮುಟ್ಟಿ. "ಎಂದೂ ತೂಕದ ಮಾತು ತಗದಿಲ್ಲ. ಮ್ಯಾಲ ಮುಂದ ಕರದು ಕೂಡಸ್ತಾನ. ಮಂದಿಗೆ ಮರ್ಯಾದಿ ಕೊಡೂದು ಅಂದ್ರ ಇದು."

ಡ್ರೈವರ್ ಕನ್ನಡಿ ಒರೆಸಲು ಶುರು ಮಾಡಿದ. ಹಿಂದೆ ಯಾರೋ ಕೆಮ್ಮಿದರು.

ವಿಮಾನದ ವಿಷಯ ನನಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಅದನ್ನು ಮಾತ್ರ ಅಲ್ಲಿ ಹೇಳಲಿಲ್ಲ. ಹೆಂಡತಿಯ ತವರಿನ ಕಡೆಯ ಮದುವೆಗೆಂದು ಒಂದು ಸಲ ಹುಬ್ಬಳ್ಳಿಯಿಂದ ಹಾರಿದ್ದೆವು. ಅವಳಿಗೆ ಕಿಟಕಿ, ನನಗೆ ನಡುವಿನ ಸೀಟು, ನನ್ನ ಆಚೆ ಒಬ್ಬ ಸಣಕಲು ಮನುಷ್ಯ. ಸೀಟಿನ ಪಟ್ಟಿ ನನ್ನ ಹೊಟ್ಟೆ ಸುತ್ತ ಬರಲಿಲ್ಲ. ಅದನ್ನು ನೋಡಿದ ವಿಮಾನದ ಹುಡುಗಿ ಜೋಡಿಸಲಿಕ್ಕೆ ಇನ್ನೊಂದು ತುಂಡು ಪಟ್ಟಿ ತಂದಳು. "ಬ್ಯಾಡವಾ, ಇದ ಸಾಕು," ಅಂದು ಉಸಿರು ಬಿಗಿಹಿಡಿದು ಎಳೆದು ಸಿಗಿಸಿದೆ. ಸಿಕ್ಕಿತು. ಆದರೆ ಆಮೇಲೆ ಉಸಿರು ಬಿಡುವ ಹಾಗಿರಲಿಲ್ಲ. ಕೊನೆಗೆ ಹೆಂಡತಿಯೇ ಆ ತುಂಡನ್ನು ಇಸಿದುಕೊಂಡು ಜೋಡಿಸಿ, "ಈಗ ಉಸರಾಡ್ರಿ" ಅಂದಳು. ಬಾಜೂದ ಮನುಷ್ಯ ಮಾತ್ರ ಇಡೀ ದಾರಿ ಕೈಕಟ್ಟಿ ಒಂದು ಪಕ್ಕಕ್ಕೆ ವಾಲಿ ಕೂತಿದ್ದ, ತಪ್ಪು ಮಾಡಿ ಸಾಲಿಯ ಮೂಲೆಯಲ್ಲಿ ನಿಂತವನ ಹಾಗೆ. ಅವನ ಸೀಟಿನ ಕಾಲುಭಾಗ ನನ್ನ ಹತ್ತಿರ ಇತ್ತು.

ಇದನ್ನು ನೆನೆಯುತ್ತಿದ್ದಾಗಲೇ ಒಂದು ಆಟೋ ಬಂದು ನಿಂತಿತು. ಒಬ್ಬ ಹೆಂಗಸು ಇಳಿದು ಒಬ್ಬ ಅಜ್ಜಿಯನ್ನು ಇಳಿಸಿಕೊಂಡಳು. ಅಜ್ಜಿಯ ಬಲಗಾಲಿಗೆ ತೊಡೆಯ ತನಕ ಪ್ಲಾಸ್ಟರು. ಬಗಲಲ್ಲಿ ಒಂದು ಕೈಚೀಲ, ಅದರೊಳಗಿಂದ ಹಸಿರು ಖಣದ ಅಂಚು ಕಾಣುತ್ತಿತ್ತು.

"ಶಲವಡಿಗೆ ಮುಟ್ಟಸಪಾ," ಅಂದಳು ಆ ಹೆಂಗಸು. "ಮಗ್ಗಲ ಮನಿ ಅಜ್ಜಿ. ಅಲ್ಲಿ ಮೊಮ್ಮಗಳ ಕುಬುಸ ಇವತ್ತು. ಕಾಲಿನ ಸಲುವಾಗಿ ಇವರ ಮಗಳು ಬ್ಯಾಡ ಅಂದು ಬಿಟ್ಟು ಹೋಗ್ಯಾಳ. ಇವರು ಕೇಳವಲ್ರು."

"ಏಳು ತಿಂಗಳ ಬಸರಿಗೆ ಉಡಿ ತುಂಬಾಕ ನನ್ನ ಕೈ ಬೇಕೋ, ಕಾಲು ಬೇಕೋ?" ಅಂದಳು ಅಜ್ಜಿ. "ಹನ್ನೊಂದಕ್ಕ ತುಂಬತಾರ. ಲಗೂನ ಬಿಡು. ಈ ಸುಣ್ಣದ ಕಾಲಿಗೂ ಚಾರ್ಜು ತಗೋತೀ ಏನಲೇ?"

ಮಡಿಸಲಾಗದ ಕಾಲು ಹಿಂದೆ ಹಿಡಿಸುವಂತಿರಲಿಲ್ಲ. ಚಾಚಿ ಇಡಬೇಕೆಂದರೆ ಇದ್ದದ್ದು ಒಂದೇ ಜಾಗ, ನನ್ನದು. ನಾನು ಇಳಿದೆ. ಸುಮ್ಮನೆ ಇಳಿಯಲಿಲ್ಲ. "ಬರ್ರಿ ಅಜ್ಜಿ, ನಿಮಗಿಂತ ದೊಡ್ಡ ಮರ್ಯಾದಿ ಯಾರಿಗೈತಿ," ಅಂದು, ಎಲ್ಲರೂ ನೋಡುವ ಹಾಗೆ ಇಳಿದೆ. ಹಿಂದೆ ಹೋಗಿ ಕೊನೆಯ ಜಾಗದಲ್ಲಿ ಕೂತೆ. ಗಾಡಿ ನನ್ನ ಕಡೆ ಕುಸಿಯಿತು.

"ಅಯ್ಯ ಶಿವನೇ!" ಅಂದಳು ಕಾಯಿಪಲ್ಲೆಯ ಅಕ್ಕ. "ಸರ್ ಹಿಂದ ಕುಂತ್ರ ಹಳ್ಳದ ಏರಿನ್ಯಾಗ ಗಾಡಿ ಮೂತಿ ಎತ್ತತೈತಲೋ ತಮ್ಮಾ!"

"ಸುಮ್ಕಿರಬೇ ಅಕ್ಕಾ," ಅಂದ ಡ್ರೈವರ್, ತಿರುಗದೆ.

"ಯಾಕ? ಏನದು?" ಅಂದೆ ನಾನು.

"ನಿಮಗ ಗೊತ್ತಿಲ್ಲೇನ್ರಿ?" ಅವಳಿಗೆ ನಿಜವಾಗಿಯೂ ಆಶ್ಚರ್ಯ. "ಹಿಂದ ಭಾರ ಆದ್ರ ಮುಂದಿನ ಗಾಲಿ ನೆಲಾ ಬಿಡತೈತಿ. ಅದಕ್ಕ ನಿಮ್ಮನ್ನ ಮುಂದ ಕುಂದರಸೂದು. ಚಕ್ಕಡಿಗೆ ಹಿಂಭಾರ ಆದ್ರ ನೊಗದ ಕಡೆ ಒಂದು ಚೀಲ ಸರಸೂದಿಲ್ಲ? ಹಂಗ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕಾಕಾ ಮೊಬೈಲನ್ನು ಕಿಸೆಯೊಳಗಿಟ್ಟು ಆಕಾಶ ನೋಡಿದರು. ಇಷ್ಟು ವರ್ಷ ಇಸ್ತ್ರಿ ಅಂಗಿ ಹಾಕಿಕೊಂಡು ನಾನು ಚೀಲವಾಗಿ ಕೂತಿದ್ದೆ, ಮತ್ತು ಅದು ನನ್ನೊಬ್ಬನನ್ನು ಬಿಟ್ಟು ಗಾಡಿಗೆಲ್ಲ ಗೊತ್ತಿತ್ತು. ನಾನು ಬಾಗಿ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡೆ. ಬಾಗುವುದು ನನಗೆ ಸುಲಭವಲ್ಲ, ಆದರೂ ಮುಖ ಬಚ್ಚಿಡಲು ಬೇರೆ ಜಾಗ ಇರಲಿಲ್ಲ.

ಗಾಡಿ ಹೊರಟಿತು. ಅಜ್ಜಿ ಘಳಿಗೆಗೊಮ್ಮೆ "ಹನ್ನೊಂದು ಆತೇನೋ?" ಅನ್ನುತ್ತಿದ್ದಳು. ದಾರಿಯ ನಡುವಿನ ಹಳ್ಳದ ಸೇತುವೆ ವರ್ಷಗಟ್ಟಲೆಯಿಂದ ರಿಪೇರಿಯಲ್ಲೇ ಇರುವುದರಿಂದ ಗಾಡಿಗಳು ಬಾಜೂ ಇಳಿದು, ಹಳ್ಳ ದಾಟಿ, ಆಚೆಯ ಏರು ಹತ್ತಬೇಕು. ರಾತ್ರಿ ಮಳೆಯಾಗಿತ್ತು. ಎರೆಮಣ್ಣು ಬೆಣ್ಣೆಯಾಗಿತ್ತು. ಇಳಿದದ್ದೇನೋ ಇಳಿದೆವು. ಏರಿನ ಅರ್ಧಕ್ಕೆ ಹೋಗುವಷ್ಟರಲ್ಲಿ ಮುಂದಿನ ಗಾಲಿ ಒಂದು ಗೇಣು ಮೇಲೆದ್ದಿತು. ಅಜ್ಜಿಯ ಪ್ಲಾಸ್ಟರಿನ ಕಾಲು ಆಕಾಶ ತೋರಿಸಿತು. "ಯಪ್ಪಾ!" ಅಂತ ಅವಳು ಕೂಗಿದ್ದೂ, ಗಾಡಿ ಜಾರಿ ಹಳ್ಳದ ತಳಕ್ಕೆ ಬಂದು ನಿಂತದ್ದೂ ಒಂದೇ ಹೊತ್ತಿಗೆ.

ತಪ್ಪಿತಸ್ಥ ನಾನೇ ಅಂತ ಎಲ್ಲರಿಗಿಂತ ಮೊದಲು ಜಿಗಿದು ಇಳಿದೆ. ಜಿಗಿದೆ ಅನ್ನುವುದು ನನ್ನ ಮಾತು, ನೋಡಿದವರು ಬೇರೆ ಹೇಳಬಹುದು.

"ಚೀಲಾ ಇಳಸೂಣೇನ್ರಿ ಕಾಕಾ?" ಅಂದ ಡ್ರೈವರ್.

"ಈ ರಾಡ್ಯಾಗೇನೋ? ಹಸಿ ಹತ್ತಿದ್ರ ಗೊಬ್ಬರ ಕಲ್ಲಾಗತೈತಿ."

"ಹಂಗಾರ ತಿರುಗಿ ಹೋಗೂಣು. ಆಗೂದಿಲ್ಲಿದು."

ಅಜ್ಜಿ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಸಣ್ಣದಾಯಿತು. "ತಿರುಗಿ ಬ್ಯಾಡೋ ಯಪ್ಪಾ. ಆ ಕೂಸಿನ ಅವ್ವಗ ಕುಬುಸ ಮಾಡಿದ್ದೂ ನನ್ನ ಕೈ. ಇದೊಂದು ತಪ್ಪಿದ್ರ ಮತ್ತ ನನಗ ಯಾವಾಗ ಸಿಗತೈತಿ? ತೆವಳಿಕೊಂತರೆ ಹೊಕ್ಕೀನಿ, ಇಳಸಿ ಬಿಡು ನನ್ನ."

ಡ್ರೈವರ್ ಏರನ್ನು ನೋಡಿದ, ಅಜ್ಜಿಯನ್ನು ನೋಡಿದ, ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ದರ್ಜಿಯ ನೋಟವೇ.

"ಅಜ್ಜಿ ಬಿಟ್ಟು ಎಲ್ಲಾರೂ ಇಳೀರಿ," ಅಂದ. "ಸರ್, ನೀವು ಏರ್ರಿ."

ಅವನ ಬಲಗಡೆ ಒಂದು ಗೇಣು ಸೀಟು ಖಾಲಿ ಇತ್ತು. ಅದರಲ್ಲಿ ನನ್ನ ಒಂದು ಪಾಲು ಕೂತಿತು, ಉಳಿದದ್ದು ಹೊರಗೆ ಇತ್ತು. ಸರಳು ಗಟ್ಟಿಯಾಗಿ ಹಿಡಿದು ಮುಂದಕ್ಕೆ ವಾಲಿದೆ. ವಿಮಾನದಲ್ಲಿ ಒಳಗೆ ಎಳೆದುಕೊಂಡಿದ್ದ ಹೊಟ್ಟೆಯನ್ನು ಈಗ ಪೂರ್ತಿ ಹೊರಗೆ ಬಿಟ್ಟೆ. ಕಾಕಾ, ಅಕ್ಕ ಎಲ್ಲ ಹಿಂದೆ ನಿಂತು ನೂಕಿದರು. ಗಾಡಿ ಗುರುಗುಟ್ಟಿತು, ಅಲುಗಿತು, ಏರಿತು. ಗಾಲಿ ನೆಲ ಬಿಡಲಿಲ್ಲ. "ಒತ್ರಿ ಸರ್, ಒತ್ರಿ!" ಅಂತ ಹಿಂದಿನಿಂದ ಕೂಗು. ನಾನು ಒತ್ತುವುದೇನು, ಸುಮ್ಮನೆ ಇದ್ದೆ. ಇರುವುದೇ ಕೆಲಸವಾದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಮೇಲೆ ಬಂದ ಮೇಲೆ ಅಜ್ಜಿ ಡ್ರೈವರನ ಬೆನ್ನ ಹಿಂದಿನಿಂದ ಕೈ ಚಾಚಿ ನನ್ನ ತೋಳು ಹಿಚುಕಿ ನೋಡಿದಳು. "ತಿಂದದ್ದು ಹಾಳಾಗಿಲ್ಲ ಬಿಡಪಾ," ಅಂದಳು. ಈಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಉಳಿದ ದಾರಿ ಅಲ್ಲೇ ಒಂದು ಗೇಣಿನ ಮೇಲೆ ಕೂತೆ.

ಮನೆಯ ಬಾಗಿಲಿಗೇ ಗಾಡಿ ಒಯ್ದೆವು. ಒಳಗೆ ಹಸಿರು ಸೀರೆ ಉಟ್ಟ ಹುಡುಗಿ ಮಣೆಯ ಮೇಲೆ ಕೂತಾಗಿತ್ತು, ಉಡಿಯ ಅಕ್ಕಿ ಮೊರದಲ್ಲೇ ಇತ್ತು. ಹೊರಗೆ ಬಂದ ಮಗಳು "ಇದೇನ ಬೇ ಯವ್ವಾ, ಮತ್ತೊಂದು ಕಾಲು ಮುರಕೋಬೇಕಂತ ಮಾಡೀಯೇನು!" ಅಂತ ಬೈಯುತ್ತಲೇ ಅವಳನ್ನು ಎತ್ತಿಕೊಂಡಳು. ಹುಡುಗಿ ಅಜ್ಜಿಯನ್ನು ನೋಡಿ ಅತ್ತಳು. ಅಜ್ಜಿ ಒಂದು ಕಾಲು ಚಾಚಿ ಕೂತು ಉಡಿ ತುಂಬಿದ್ದನ್ನು ಬಾಗಿಲಿನಿಂದ ನೋಡಿಯೇ ನಾವು ಹೊರಟೆವು.

ಸಾಲಿಯ ಹತ್ತಿರ ಇಳಿದು ಚಾರ್ಜು ಕೊಡಲು ಹೋದರೆ ಡ್ರೈವರ್ ಬೇಡ ಅಂದ. "ಇವತ್ತ ದುಡದೀರಿ ಸರ್."

"ಏ ಏ," ಅಂದರು ಕಾಕಾ. "ನನಗೂ ಚಾರ್ಜು, ಚೀಲಕ್ಕೂ ಚಾರ್ಜು, ಇವರಿಗೆ ಪುಕ್ಕಟ? ಎಂಥಾ ನ್ಯಾಯಲೇ ಇದು?"

ನಾನು ತಗೋ ಅಂತ ಒತ್ತಾಯ ಮಾಡಿದೆ. ಬಹಳ ಒತ್ತಾಯ ಮಾಡಲಿಲ್ಲ.

ಹೀಗಾಗಿ ವಿಮಾನದವರು ದಪ್ಪಗಿದ್ದವರಿಂದ ಹೆಚ್ಚು ರೊಕ್ಕ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವುದರ ಬಗ್ಗೆ ಮುಂಜಾನೆ ನನಗಿದ್ದ ಗಟ್ಟಿ ಅಭಿಪ್ರಾಯ ಸಂಜೆಗೆ ಉಳಿಯಲಿಲ್ಲ. ಕೈಕಟ್ಟಿ ವಾಲಿ ಕೂತ ಆ ಸಣಕಲು ಮನುಷ್ಯ ಪೂರ್ತಿ ಸೀಟಿಗೆ ರೊಕ್ಕ ಕೊಟ್ಟು ಮುಕ್ಕಾಲು ಸೀಟಿನಲ್ಲಿ ಹೋದ, ಅದಂತೂ ನಿಜ. ಅವನಿಗೆ ಆಗ ಒಂದು ಮಾತೂ ಅಂದಿರಲಿಲ್ಲ ನಾನು. ಆದರೆ ತೂಗುವ ಯಂತ್ರದ ಮೇಲೆ ನಿಂತು ಟಿಕೀಟು ಇಸಿದುಕೊಳ್ಳಬೇಕಾದರೆ ಇನ್ನೊಮ್ಮೆ ವಿಮಾನ ಹತ್ತುವುದಿಲ್ಲ, ಅದೂ ನಿಜ. ಎಲ್ಲಿ ಕೂತರೆ ಗಾಡಿಗೆ ಅನುಕೂಲ ಅಂತ ಮುಖ ನೋಡಿ ಹೇಳಿದರೆ ಮಾತ್ರ, ಹೇಳಿದಲ್ಲಿ ಕೂರುತ್ತೇನೆ.

ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮುಂದ ಯಾಕ ಕುಂದರಸ್ತಾನ ಅನ್ನೂದು ನನಗ ಗೊತ್ತಿತ್ತಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ಇಸ್ತ್ರಿ ಅಂಗಿ ಹಾಕ್ಕೊಂಡು, ಎದಿ ಉಬ್ಬಿಸಿಕೊಂಡು ಮುಂದ ಕುಂತು ಹೋಗತಿದ್ರಿ. ನೋಡಾಕ ಚಲೋ ಕಾಣತಿತ್ತು. ಯಾಕ ಕೆಡಸಬೇಕು?"

ನಾಳೆಗೆ ಅಂಗಿ ಇಸ್ತ್ರಿ ಮಾಡಬೇಕೋ ಬೇಡವೋ ಅಂತ ನಾನು ಕೇಳಲಿಲ್ಲ. ಊಟದ ಹೊತ್ತಿಗೆ ನೋಡಿದರೆ ಅದು ಆಗಲೇ ಮಡಿಚಿ ಕುರ್ಚಿಯ ಮೇಲೆ ಇತ್ತು.

ಉಂಡದ್ದು: ಬಿಸಿ ಜೋಳದ ರೊಟ್ಟಿ, ಮೆಂತ್ಯೆಪಲ್ಲೆ, ಶೇಂಗಾ ಚಟ್ನಿ, ಮೊಸರು. ಅದರ ಮೇಲೆ, ಅಜ್ಜಿ ಸಂಜೆ ಡ್ರೈವರನ ಕೈಯಲ್ಲಿ ಕಳಿಸಿದ ಕುಬುಸದ ಬುತ್ತಿಯಿಂದ ಮೂರು ಶೇಂಗಾ ಹೋಳಿಗೆ. ಎರಡು ನನಗೆ, ಒಂದು ಅವಳಿಗೆ. ಡಾಕ್ಟರ ಮಾತು ನೆನಪಾಯಿತು, ಅಜ್ಜಿಯ ಮಾತೂ ನೆನಪಾಯಿತು. ಅಜ್ಜಿ ಹಿರಿಯಳು. ಮೊದಲು ಮಲಗಿದವಳು ಹೆಂಡತಿ, ಗೋಡೆಯ ಕಡೆ. ನಾನು ಹೋಗಿ ಮಲಗಿದಾಗ ಮಂಚ ನನ್ನ ಕಡೆ ಇಳಿಯಿತು, ಅವಳು ನಿದ್ದೆಯಲ್ಲೇ ಉರುಳಿ ನನ್ನ ಬೆನ್ನಿಗೆ ಬಂದು ನಿಂತಳು.