ಮೂಗಿಲ್ಲದ ಸಾಕ್ಷಿ

ಮಾರ್ಚ್ ಹನ್ನೊಂದನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಪುರಸಭೆಯ ಸಭಾಂಗಣದಲ್ಲಿ, ನೂರಾ ನಲವತ್ತು ಜನರ ಕಣ್ಣೆದುರಿಗೆ, ಐವತ್ನಾಲ್ಕು ವರ್ಷದ ಒಬ್ಬ ಮನುಷ್ಯನ ಮಾನ ಕಳೆಯಲಾಯಿತು. ನಡವಳಿ ಪುಸ್ತಕದಲ್ಲಿ ಇದು ಒಂದೇ ಸಾಲು: "ಸಾಕ್ಷಿಯ ಹೇಳಿಕೆಯನ್ನು ಪರಿಶೀಲಿಸಿ ತಿರಸ್ಕರಿಸಲಾಯಿತು." ಆ ಸಾಲಿನಡಿ ಹೂತುಹಾಕಿದ್ದನ್ನು ಅಗೆದು ತೆಗೆಯಬೇಕಾಗಿದೆ.

ಊರವರು ಅವನನ್ನು ಕರೆಯುವುದು ಟ್ಯಾಂಕರಣ್ಣ ಎಂದು. ಇಪ್ಪತ್ತಾರು ವರ್ಷಗಳಿಂದ ಮನೆಮನೆಯ ಶೌಚದ ಗುಂಡಿಗಳನ್ನು ತನ್ನ ಗಾಡಿಯ ಪೈಪಿನಿಂದ ಹೀರಿ ಬರಿದು ಮಾಡಿದವನು. ಯಾರ ಮನೆಯ ಗುಂಡಿಯ ಮುಚ್ಚಳ ಯಾವ ಹಾಸುಗಲ್ಲಿನ ಕೆಳಗಿದೆಯೆಂಬುದು ಆಯಾ ಮನೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಕಬ್ಬಿಣದ ಸಲಾಕೆಯಿಂದ ನೆಲ ಕುಟ್ಟಿ, ಟೊಳ್ಳು ಸದ್ದಿಗೆ ಕಿವಿಗೊಟ್ಟು, "ಇಲ್ಲಿ" ಎನ್ನುತ್ತಿದ್ದ. ಮುಚ್ಚಳ ಸರಿಸಿ ಅರ್ಧ ಗಂಟೆ ಕಾಯುತ್ತಿದ್ದ. ಗುಂಡಿಯ ಬಾಯಿಗೆ ಜಿರಲೆ ಹತ್ತಿ ಬಂದರೆ ಮಾತ್ರ ಬಗ್ಗಿ ಪೈಪು ಇಳಿಸುವುದು.

"ಜಿರಲೆ ಬದುಕಿದ್ರೆ ನಾನೂ ಬದುಕ್ತೀನಿ" ಎಂದು ನಗುತ್ತಿದ್ದ.

ಆ ನಗೆಯ ಹಿಂದೊಂದು ಗುಟ್ಟಿತ್ತು. ಒಂಬತ್ತು ವರ್ಷಗಳ ಹಿಂದೆ ಗುಂಡಿಯ ಕೆಟ್ಟ ಗಾಳಿ ನೆತ್ತಿಗೇರಿ ಬಿದ್ದಿದ್ದ. ಎದ್ದನೇನೋ ಸರಿ, ವಾಸನೆ ಹಿಡಿಯುವ ಶಕ್ತಿ ಮಾತ್ರ ಮರಳಲಿಲ್ಲ. ಕೆಟ್ಟ ಗಾಳಿ ಗುರುತಿಸಲಾರನೆಂದು ತಿಳಿದರೆ ಜನ ಕೆಲಸಕ್ಕೆ ಕರೆಯಲಾರರೆಂದು ಯಾರಿಗೂ ಹೇಳಲಿಲ್ಲ. ಅವನ ಹೆಂಡತಿ ಒಮ್ಮೆ ನಲ್ಲಿಯ ಬಳಿ ನಗಾಡುತ್ತಾ, "ಒಲೆ ಪಕ್ಕದಲ್ಲೇ ಕೂತಿದ್ರು ಅಕ್ಕ, ಹಾಲು ಸೀದು ಕರಕಲಾದ್ರೂ ಗೊತ್ತಾಗ್ಲಿಲ್ಲ" ಎಂದುಬಿಟ್ಟಳು. ಕೇಳಿಸಿಕೊಂಡಾಕೆ ನಿವೃತ್ತ ಮೇಷ್ಟ್ರ ಹೆಂಡತಿ.

ಊರ ಹೊರಗಿನ ಎರಡು ಎಕರೆಯಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಕಟ್ಟುವ ಪ್ರಸ್ತಾವ ಬಂದದ್ದು ಜನವರಿಯಲ್ಲಿ. ಘಟಕ ಬಂದರೆ ಟ್ಯಾಂಕರಣ್ಣನಿಗೆ ತಂದದ್ದನ್ನು ಸುರಿಯಲು ಕಾಯಿದೆಬದ್ಧ ಜಾಗ ಸಿಗುತ್ತದೆ. ಬಾರದಿದ್ದರೆ ಗಾಡಿಯ ಪರವಾನಗಿಯೇ ರದ್ದು. ವಿರೋಧದ ಮುಂದಾಳು ಮೇಷ್ಟ್ರು. ಅರವತ್ತೆರಡು ಕಿಲೋಮೀಟರ್ ದೂರದಲ್ಲಿ ನಡೆಯುತ್ತಿರುವ ಅಂಥದೇ ಘಟಕವನ್ನು ನೋಡಿ ಬರಲು ಅವರೂ ಸೇರಿ ಐವರ ಸಮಿತಿ ಹೊರಟಿತು. ಟ್ಯಾಂಕರಣ್ಣನೂ ಜೀಪಿನ ಹಿಂದೆ ಕೂತು ಹೋದ. ಐವರೂ ಗೇಟಿನ ಹೊರಗೆ ಗಾಜು ಏರಿಸಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹನ್ನೊಂದು ನಿಮಿಷ ಕೂತಿದ್ದರು. ಒಬ್ಬರೂ ಇಳಿಯಲಿಲ್ಲ. "ಸಹಿಸಲಾಗದ ದುರ್ನಾತ" ಎಂಬ ವರದಿ ಬರೆದದ್ದು ಮೂರು ಕಿಲೋಮೀಟರ್ ಈಚೆಗಿನ ಚಹಾದಂಗಡಿಯಲ್ಲಿ.

ಒಳಗೆ ಹೋದವನು ಟ್ಯಾಂಕರಣ್ಣನೊಬ್ಬನೇ. ಮಲ ಒಣಗಿಸುವ ಹಾಸುಗಳ ಕಟ್ಟೆಯ ಮೇಲೆಯೇ ಕೂತು ಕೆಲಸಗಾರರು ಊಟದ ಡಬ್ಬಿ ಬಿಚ್ಚಿದ್ದನ್ನು ಕಂಡ. ಗೋಡೆಯಾಚೆ ಅಗಸನೊಬ್ಬ ಬಿಳಿಯ ಹಾಸಿಗೆಬಟ್ಟೆ ಒಣಹಾಕಿದ್ದನ್ನು ಕಂಡ. ಇಷ್ಟನ್ನೇ ಸಭೆಯಲ್ಲಿ ಹೇಳಿದ್ದರೆ ಸಾಕಿತ್ತು. ಆದರೆ ಗುಟ್ಟು ರಟ್ಟಾದೀತೆಂಬ ಅಂಜಿಕೆಯಲ್ಲಿ ಬೇಡದ ಮಾತೊಂದನ್ನು ಮೊದಲೇ ಆಡಿದ:

"ನಾನೇ ಮೂಸಿ ನೋಡಿದೀನಿ ಸ್ವಾಮಿ. ವಾಸನೆ ಇಲ್ಲವೇ ಇಲ್ಲ."

ಮೇಷ್ಟ್ರು ಕಾದಿದ್ದದ್ದೇ ಇದಕ್ಕೆ. "ಹಾಗಾದ್ರೆ ಒಂದು ಸಣ್ಣ ಪರೀಕ್ಷೆ ಮಾಡೋಣಪ್ಪ" ಎಂದು ಅವನ ಹೆಗಲ ಟವೆಲ್ಲಿನಿಂದಲೇ ಕಣ್ಣು ಕಟ್ಟಿ, ಬಟ್ಟೆಯ ತುಂಡೊಂದನ್ನು ಮೂಗಿನ ಕೆಳಗೆ ಹಿಡಿದರು.

"ಹೇಳು, ಇದೇನು?"

ಮುಂದಿನ ಸಾಲಿನವರು ಆಗಲೇ ಸೆರಗು, ಕರವಸ್ತ್ರ ಹುಡುಕುತ್ತಿದ್ದರು. ಟ್ಯಾಂಕರಣ್ಣ ಯೋಚಿಸಿದ. ಓದಿದವರು, ಊರ ಮಕ್ಕಳಿಗೆ ಅಕ್ಷರ ಕಲಿಸಿದವರು. ತುಂಬಿದ ಸಭೆಯಲ್ಲಿ ಒಬ್ಬನ ಮೂಗಿಗೆ ಕೆಟ್ಟದ್ದನ್ನು ಹಿಡಿದಾರೆಯೇ? ಧೈರ್ಯವಾಗಿ ಹೇಳಿದ:

"ಮಲ್ಲಿಗೆ ಎಣ್ಣೆ, ಮೇಷ್ಟ್ರೇ."

ಅದು ಹೊರಗೆ ನಿಂತಿದ್ದ ಅವನದೇ ಗಾಡಿಯ ಪೈಪು ಒರೆಸಿ ತಂದ ಚಿಂದಿ.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. "ಮಲ್ಲಿಗೆ ಮುಡಿಸ್ರೋ ಅವನಿಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಟವೆಲ್ ಬಿಚ್ಚಿಕೊಂಡವನಿಗೆ ಮೊದಲು ಕಂಡದ್ದು ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ಹೆಂಡತಿ. ಊಟದ ಡಬ್ಬಿಯ, ಬಿಳಿಬಟ್ಟೆಯ ಮಾತು ತೊದಲಿದ, ಯಾರೂ ಕೇಳಲಿಲ್ಲ.

"ಅದಿರಲಿ, ಇಷ್ಟು ವರ್ಷ ಎಲ್ಲಿ ಸುರೀತಿದ್ದೆ?" ಅಧ್ಯಕ್ಷರ ಪ್ರಶ್ನೆ.

"ಹಳೇ ಕಲ್ಲುಕ್ವಾರಿಗೆ, ಸ್ವಾಮಿ. ಜಾಗ ತೋರಿಸಿದ್ದು ತಾವೇ ಅಲ್ವಾ?"

ನಡವಳಿಯಲ್ಲಿ ಉತ್ತರದ ಮೊದಲರ್ಧ ಮಾತ್ರ ದಾಖಲಾಗಿದೆ. ಪ್ರಸ್ತಾವ ಬಿದ್ದುಹೋಯಿತು. ಅಕ್ರಮವಾಗಿ ಸುರಿದ ಅಪರಾಧಕ್ಕೆ ಗಾಡಿ ಅಂದೇ ಜಪ್ತಿಯಾಯಿತು. ಅದರ ಹೊಟ್ಟೆಯಲ್ಲಿ ಅಂದು ಬೆಳಿಗ್ಗೆ ಏಳು ಗಂಟೆಗೆ ತುಂಬಿದ ಮೂರು ಸಾವಿರ ಲೀಟರ್ ಇತ್ತು. ತುಂಬಿದ್ದು ಅಧ್ಯಕ್ಷರ ಮನೆಯ ಗುಂಡಿಯಿಂದ. ಊರಲ್ಲಿ ಸುರಿಯಲು ಕಾಯಿದೆಬದ್ಧ ಜಾಗವಿಲ್ಲದ್ದರಿಂದ ಅದು ನಲವತ್ತೊಂದು ದಿನಗಳಿಂದ ಪುರಸಭೆಯ ಅಂಗಳದಲ್ಲಿ, ನೆಟ್ಟಗೆ ಅಧ್ಯಕ್ಷರ ಕಿಟಕಿಯ ಕೆಳಗೆ, ಬಿಸಿಲಿಗೆ ಕುದಿಯುತ್ತ ನಿಂತಿದೆ.

ಈಗ ಊರ ಗುಂಡಿಗಳು ಉಕ್ಕುತ್ತಿವೆ. ನಿನ್ನೆ, ಏಪ್ರಿಲ್ ಇಪ್ಪತ್ತನೆಯ ತಾರೀಖು, ಮಧ್ಯಾಹ್ನ ಪುರಸಭೆಯ ಗುಮಾಸ್ತ ಟ್ಯಾಂಕರಣ್ಣನ ಮನೆಗೆ ಬಂದ. ಮೇಷ್ಟ್ರ ಬಚ್ಚಲಿಗೆ ನೀರು ಹಿಂದಕ್ಕೆ ನುಗ್ಗಿದೆಯಂತೆ.

"ಗಾಡಿ ಬೇಡಪ್ಪ, ಬಕೆಟ್ ಹಿಡ್ಕೊಂಡು ಇಳಿದ್ರೆ ಸಾಕು. ನಿಂಗೆ ವಾಸನೆ ಹೇಗೂ ಬರಲ್ವಲ್ಲ."

"ವಾಸನೆ ಬರೋರು ಐದು ಜನ ಇದ್ದಾರಲ್ಲ, ಅವರನ್ನೇ ಇಳಿಸಿ!" ಎಂದಳು ಹೆಂಡತಿ.

ಮನೆಯಲ್ಲಿ ಅಕ್ಕಿ ಮುಗಿದಿತ್ತು. ಗುಮಾಸ್ತ ಹೋದ ಮೇಲೆ ಟ್ಯಾಂಕರಣ್ಣ ಗೋಡೆಗೆ ಒರಗಿಸಿದ್ದ ಸಲಾಕೆಯನ್ನು ತೆಗೆದು ಒರೆಸತೊಡಗಿದ. ನಾಳೆ ಬೆಳಿಗ್ಗೆ ಮೇಷ್ಟ್ರ ಗುಂಡಿಗೆ ಇಳಿಯುತ್ತಾನೆ.

ಮಾನ್ಯ ಅಧ್ಯಕ್ಷರೇ, ಸಮಿತಿಯ ಐವರು ಸದಸ್ಯರೇ, ಮೇಷ್ಟ್ರೇ, ಗುಂಡಿಯ ಗಾಳಿ ಒಮ್ಮೆ ಅವನ ಮೂಗನ್ನು ಒಯ್ದಿದೆ, ಎರಡನೆಯ ಸಲ ಅಷ್ಟಕ್ಕೇ ಬಿಡುವುದಿಲ್ಲ. ಇಂದು ಸಂಜೆ ಐದು ಗಂಟೆಯೊಳಗೆ ಗಾಡಿಯನ್ನು ಬಿಟ್ಟುಕೊಡಿ. ಅರವತ್ತೆರಡು ಕಿಲೋಮೀಟರ್ ಆಚೆಯ ಆ ಘಟಕದವರನ್ನು ಕೇಳಿ, ನಿಮ್ಮದೇ ಮೂರು ಸಾವಿರ ಲೀಟರನ್ನು ಅಲ್ಲಿ ಸುರಿಯಲು ಲಿಖಿತ ಅನುಮತಿ ಪಡೆದು ಅವನ ಕೈಗೆ ಕೊಡಿ. ಚಿಂದಿಯ ಸಂಗತಿಯನ್ನೂ ಅವನ ಉತ್ತರದ ಉಳಿದರ್ಧವನ್ನೂ ನಡವಳಿಯಲ್ಲಿ ಬರೆಯಿರಿ. ಆಮೇಲೆ ಅದೇ ಗಾಡಿಯ ಹಿಂದೆ ಹೋಗಿ, ಈ ಸಲ ಗೇಟು ದಾಟಿ, ಕರವಸ್ತ್ರ ಜೇಬಿನಲ್ಲಿಟ್ಟು, ನಿಮ್ಮ ನೆಟ್ಟಗಿರುವ ಮೂಗುಗಳಿಂದ ಅರ್ಧ ಗಂಟೆ ಉಸಿರಾಡಿ, ಹೊಸ ವರದಿ ಕೊಡಿ.