ವಾಸಪ್ಪಗೌಡರು ತುಂಬಿದ ತೋಟಾ

ಕೋವಿಗೆ ಅಂಗಡಿಯ ತೋಟಾ ಕೊಳ್ಳುವವರನ್ನು ಕಂಡರೆ ನಿಟ್ಟೂರಿನ ವಾಸಪ್ಪಗೌಡರು ಮನೆಗೆ ಬೆಂಕಿ ಬಿದ್ದವರನ್ನು ಕಂಡಷ್ಟು ಮರುಗುತ್ತಿದ್ದರು. "ಕಂಪನಿ ತೋಟಾ ಒಂದಕ್ಕೆ ಐದು ರೂಪಾಯಿ ಮಾರಾಯ, ಅಷ್ಟರಲ್ಲಿ ನಾನು ನಾಲ್ಕು ತುಂಬ್ತೀನಿ" ಎನ್ನುತ್ತ, ಹಾರಿಸಿದ ಖಾಲಿ ತೋಟಾಕ್ಕೇ ಮತ್ತೆ ಮದ್ದು, ಸೀಸದ ಚರೆ ತುಂಬಿ ಮೇಣ ಬಳಿಯುವರು. ಅವರ ಒಂದೊಂದು ತೋಟಾವೂ, ಕೋವಿಯಿಲ್ಲದೆ ಬಿಟ್ಟರೂ ಹಂದಿಯ ಮನೆ ಹುಡುಕಿ ಹೋಗುವಷ್ಟು ಪಳಗಿತ್ತು. ಮದ್ದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ಉಸಿರು ಬಿಗಿಹಿಡಿದು ತೂಗುತ್ತಿದ್ದರೆ, "ಇನ್ನೊಂದು ಚಿಟಿಕೆ ಹಾಕ್ರಿ, ಮಗಳ ಮದ್ವೆ ಏನೂ ನಿಲ್ಲಲ್ಲ" ಎಂದು ಹೆಂಡತಿ ಶಾಂತಮ್ಮ ಛೇಡಿಸುವರು. ಒಂದು ದಿನ ಗದ್ದೆಗೆ ನುಗ್ಗಿದ ಹಂದಿಯನ್ನು ಅವರ ನಾಯಿ ಕಾಳ ಅಡ್ಡಗಟ್ಟಿ ನಿಲ್ಲಿಸಿತು. ಗೌಡರ ತೋಟಾ ಬರೀ ಹೊಗೆ ಬಿಟ್ಟಿತು. ಹಂದಿ ಕಾಳನ ಹೊಟ್ಟೆ ಸೀಳಿತು. ಜೇಬಿನಲ್ಲಿ ಆಗ ಕಂಪನಿ ತೋಟಾ ಒಂದಿತ್ತು, ದುಬಾರಿಯದೆಂದು ಉಳಿಸಿಟ್ಟದ್ದು. ಈಗ ಯಾವ ತೋಟಾ ಅಗ್ಗವೆಂದು ಯಾರಾದರೂ ಕೇಳಿದರೆ ಗೌಡರು ಮೊದಲು ವಿಚಾರಿಸುವುದು, "ನಾಯಿ ಸಾಕಿದೀಯ?"