ಗೇಟಿನಾಚೆ ಬಿಟ್ಟ ಚಪ್ಪಲಿ

ಗುಂಡ್ಲುಪೇಟೆಗೆ ಹೊರಟವನು ಚಾಮರಾಜನಗರದಲ್ಲೇ ಇಳಿದೆ. ಸರ್ಕಾರದ ಹಣದಲ್ಲಿ ಎದ್ದ ಹೊಸ ಕಬಡ್ಡಿ ಕ್ರೀಡಾಂಗಣದಲ್ಲಿ ಅಂದು ವೃತ್ತಿಪರ ತಂಡಗಳ ಮೊದಲ ಪಂದ್ಯ. ಚಂದಕವಾಡಿ ಬಸ್ಸಿನಿಂದ ಇಳಿದ ಅಜ್ಜಿಯೊಬ್ಬಳು, ಗುಡಿಗೆ ಬಂದವಳಂತೆ, ಗೇಟಿನ ಹೊರಗೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದಳು.

"ಟಿಕೆಟ್ ತೋರ್ಸವ್ವ," ಎಂದ ಕಾವಲುಗಾರ.

"ಗೌರ್ಮೆಂಟ್ನೋರು ನಮ್ಗೇ ಅಂತ ಕಟ್ಸಿರದು ಕಣಪ್ಪ. ಇದ್ಕೂ ಟಿಕೀಟಾ?"

ಈ ಕ್ರೀಡಾಂಗಣಕ್ಕೆ ಅನುದಾನ ಕೇಳಿದ ವರದಿಯಲ್ಲಿ 'ಇದು ಜನರ ಆಸ್ತಿ' ಎಂದು ಬರೆದವನು ನಾನೇ. ಆ ಲೆಕ್ಕದಲ್ಲಿ ಸಿಕ್ಕಿ ಕೊರಳಲ್ಲಿದ್ದ ಪುಕ್ಕಟೆ ಪಾಸನ್ನು ಅವಳಿಗೆ ಕೊಡಬಹುದಿತ್ತು. ಅಂಗಿಯೊಳಕ್ಕೆ ತಳ್ಳಿದೆ. ಅಜ್ಜಿ ನೋಡಿಬಿಟ್ಟಳು.

"ನೀನಾದ್ರೂ ಒಳಕ್ಕೋಗಪ್ಪ. ಬೂಟು ಇಲ್ಲೇ ಬುಟ್ಟೋಗು, ನಾ ನೋಡ್ಕತೀನಿ."

ಲೇಸು ಬಿಚ್ಚಲು ಬಗ್ಗಿದೆ. ಬಿಚ್ಚಿದ ಮೇಲೂ ತಲೆಯೆತ್ತಲಾಗಲಿಲ್ಲ.